ಮೊದಲು ಬರೆದಿಡಿ, ಆಮೇಲೆ ಓದಿ: ಮುಂದೇನೆಂದು ಗೊತ್ತಿಲ್ಲದ ದಿನಗಳಲ್ಲಿ ದೇವರನ್ನು ನಂಬುವುದು ಹೇಗೆ

"ದೇವರ ಮೇಲೆ ಭಾರ ಹಾಕಿ, ಎಲ್ಲಾ ಸರಿಹೋಗುತ್ತೆ." ಬಯಾಪ್ಸಿ ರಿಪೋರ್ಟಿಗೆ ಕಾಯುತ್ತಿರುವವರಿಗೂ ಇದೇ ಮಾತು, ಕೆಲಸ ಕಳೆದುಕೊಂಡವರಿಗೂ ಇದೇ ಮಾತು. ಮಗಳಿಗೆ ನೋಡಿದ ಸಂಬಂಧ ಇನ್ನೇನು ಕುದುರಿತು ಅನ್ನುವಾಗ ಮುರಿದುಬಿದ್ದ ಮನೆಯವರಿಗೂ ಇದೇ. ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಭಾರ ಹಾಕುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕಣ್ಣು ಮುಚ್ಚಿ "ನಿನಗೇ ಒಪ್ಪಿಸಿದ್ದೇನೆ ಕರ್ತನೇ" ಅಂದು ಮಲಗಿದರೆ, ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಭಾರ ವಾಪಸ್ ಎದೆ ಮೇಲೇ ಕೂತಿರುತ್ತದೆ.

ಈ ಬರಹ ಆ "ಹೇಗೆ" ಬಗ್ಗೆ. ಬೈಬಲ್ ಓದುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆಯವರಿಗೂ ಉಪಯೋಗವಾದರೆ ಸಂತೋಷ.

ನನ್ನ ಮಾತು ಒಂದೇ. ಮುಂದೇನಾಗುತ್ತೆ ಅಂತ ಊಹಿಸುವುದಕ್ಕೆ ನಂಬಿಕೆ ಸಹಾಯ ಮಾಡುವುದಿಲ್ಲ. ನಂಬಿಕೆಯ ಹೆಚ್ಚಿನ ಭಾಗ ನೆನಪಿನ ಕೆಲಸ. ದೇವರು ಕೈಬಿಡಲಿಲ್ಲ ಅನ್ನುವುದು ಸಾಮಾನ್ಯವಾಗಿ ತಿರುಗಿ ನೋಡಿದಾಗಲೇ ಗೊತ್ತಾಗುವುದು. ಆದರೆ ತಿರುಗಿ ನೋಡಲು ಅಲ್ಲಿ ಏನಾದರೂ ಉಳಿದಿರಬೇಕಲ್ವಾ? ಅದಕ್ಕೇ ಉತ್ತರ ಬರುವ ಮೊದಲೇ ಬರೆದಿಡಬೇಕು.

ಜೈಲಿನಲ್ಲಿದ್ದುಕೊಂಡು ಹೊಲ ಕೊಂಡವನು

ಹೇಗೆ ಅನ್ನುವುದಕ್ಕೆ ಬೈಬಲಿನಲ್ಲಿ ನನಗೆ ಕಾಣುವ ಅತ್ಯುತ್ತಮ ಉದಾಹರಣೆ ಯೆರೆಮೀಯ 32ನೇ ಅಧ್ಯಾಯ. ಪ್ರಸಂಗಗಳಲ್ಲಿ ಇದು ಅಷ್ಟಾಗಿ ಬರುವುದಿಲ್ಲ, ಯಾಕೋ.

ಯೆಹೂದದ ಅರಸ ಚಿದ್ಕೀಯನ ಆಳ್ವಿಕೆಯ 10ನೇ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಊರು ಶತ್ರುವಿನ ಪಾಲಾಗುತ್ತದೆ ಅಂತ ಹೇಳಿದ್ದಕ್ಕೆ ಪ್ರವಾದಿ ಯೆರೆಮೀಯನನ್ನು ಅರಮನೆಯ ಕಾವಲಂಗಳದಲ್ಲಿ ಕೂಡಿಹಾಕಿದ್ದಾರೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬರುತ್ತಾನೆ. ಅನಾತೋತ್‌ನಲ್ಲಿರುವ ಹೊಲವನ್ನು ನೀನೇ ಕೊಂಡುಕೋ, ಹಕ್ಕು ನಿನ್ನದೇ ಅನ್ನುತ್ತಾನೆ. ಅನಾತೋತ್ ಯೆರೂಸಲೇಮಿಗೆ ಕೆಲವೇ ಕಿಲೋಮೀಟರ್ ದೂರದ ಹಳ್ಳಿ. ಸುತ್ತೆಲ್ಲಾ ಬಾಬೆಲಿನ ಸೈನಿಕರು ಬೀಡುಬಿಟ್ಟಿರುವಾಗ ಆ ಹೊಲಕ್ಕೆ ಬೆಲೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಅನಾತೋತ್‌ನವರೇ ಹಿಂದೊಮ್ಮೆ ಯೆರೆಮೀಯನನ್ನು ಕೊಲ್ಲಲು ಹೊಂಚು ಹಾಕಿದ್ದರು. 11ನೇ ಅಧ್ಯಾಯದಲ್ಲಿದೆ ಆ ಕಥೆ.

ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರ ಬರೆದು ಸಹಿ ಮಾಡಿದ, ಸಾಕ್ಷಿಗಳಿಂದಲೂ ಸಹಿ ಹಾಕಿಸಿದ. ಮುದ್ರೆ ಹಾಕಿದ್ದೊಂದು, ತೆರೆದದ್ದೊಂದು, ಎರಡು ಪ್ರತಿ. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಅಂದ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾವು ಮಾಡುವಷ್ಟೇ ಶಿಸ್ತಿನ ಕೆಲಸ, ಅದೂ ಮುಳುಗುತ್ತಿರುವ ಊರಿನಲ್ಲಿ.

ಇದರಲ್ಲಿ ಎರಡು ಸಂಗತಿ ನಿಧಾನವಾಗಿ ನೋಡುವಂಥವು.

ಒಂದು, 8ನೇ ವಚನ. ಹನಮೇಲ ಬರುತ್ತಾನೆ ಅಂತ ದೇವರು ಮೊದಲೇ ತಿಳಿಸಿದ್ದರು. ಆದರೂ ಅವನು ಬಂದು ಹೊಲದ ಮಾತೆತ್ತಿದ ಮೇಲೆಯೇ ಯೆರೆಮೀಯನಿಗೆ ಇದು ಯೆಹೋವನ ಮಾತೇ ಅಂತ ಖಾತ್ರಿಯಾಯಿತಂತೆ. ಅಷ್ಟು ದೊಡ್ಡ ಪ್ರವಾದಿಗೇ ಆಮೇಲೆ ಗೊತ್ತಾಯಿತು ಅಂದರೆ, ನಮಗೆ ಮೊದಲೇ ಗೊತ್ತಾಗಲಿಲ್ಲವಲ್ಲ ಅಂತ ಕೊರಗುವುದು ಬೇಡ.

ಎರಡು, ಪತ್ರವನ್ನು ಕೊಟ್ಟಾದ ಮೇಲೆ ಅವನು ಮಾಡಿದ ಪ್ರಾರ್ಥನೆ. ಸ್ತುತಿಯಿಂದ ಶುರುವಾಗುತ್ತದೆ. ಕೊನೆಗೆ ಬರುವಾಗ ಮಾತು ಬೇರೆ: ನೋಡು, ಮುತ್ತಿಗೆಯ ದಿಬ್ಬಗಳು ಎದ್ದಿವೆ, ಊರು ಶತ್ರುವಿನ ಕೈಸೇರಿದಂತೆಯೇ, ಆದರೂ ನೀನು ನನಗೆ ದುಡ್ಡು ಕೊಟ್ಟು ಹೊಲ ಕೊಂಡುಕೋ ಅಂದೆಯಲ್ಲ! ಹೇಳಿದ್ದನ್ನು ಮಾಡಿ ಮುಗಿಸಿದ, ಆಮೇಲೆ ಅನುಮಾನವನ್ನೂ ಬಾಯಿಬಿಟ್ಟು ಹೇಳಿದ. ಎರಡೂ ಒಂದೇ ಅಧ್ಯಾಯದಲ್ಲಿವೆ.

ಈಗ ನಮ್ಮ ಕೆಲಸಕ್ಕೆ ಬರೋಣ.

ಹೆಜ್ಜೆ 1: ಎಡಪುಟ ಇವತ್ತೇ ತುಂಬಿಸಿ

ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಮಕ್ಕಳ ಉಳಿದ ಶಾಲಾ ಪುಸ್ತಕವಾದರೂ ನಡೆಯುತ್ತೆ. ಎಡಪುಟ ಈಗಿನ ಸ್ಥಿತಿಗೆ, ಬಲಪುಟ ಮುಂದೆ ಬರುವುದಕ್ಕೆ. ಬಲಪುಟವನ್ನು ಖಾಲಿ ಬಿಡಿ.

ಎಡಪುಟದ ಮೇಲೆ ತಾರೀಖು ಹಾಕಿ. ಕೆಳಗೆ ಬರೆಯಬೇಕಾದದ್ದು ಇಷ್ಟು: ಗೊತ್ತಿರುವುದು, ಗೊತ್ತಿಲ್ಲದ್ದು, ಭಯ, ಬೇಡಿಕೆ, ನನ್ನ ಅಂದಾಜು. ಕೆಲಸ ಹೋಗುವ ಭೀತಿಯಲ್ಲಿರುವ ಒಬ್ಬರ ಪುಟ ಹೀಗಿರಬಹುದು:

"ನವೆಂಬರ್ 12, ಬುಧವಾರ.
ಗೊತ್ತಿರುವುದು: ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತೆ. ಬ್ಯಾಂಕಿನಲ್ಲಿ ಎರಡು ತಿಂಗಳ ಖರ್ಚಿಗಾಗುವಷ್ಟಿದೆ.
ಗೊತ್ತಿಲ್ಲದ್ದು: ಬಾಕಿ ಹಣ ಯಾವಾಗ ಕೊಡುತ್ತಾರೋ. ಈ ವಯಸ್ಸಿಗೆ ಯಾರು ತಗೋತಾರೋ.
ಭಯ: ಚಿಕ್ಕವನ ಫೀಸಿಗೆ ಅಣ್ಣನ ಹತ್ತಿರ ಕೈಚಾಚಬೇಕಾಗುತ್ತೆ.
ಬೇಡಿಕೆ: ಜನವರಿ ಒಳಗೆ ಕೆಲಸ. ಅಮ್ಮನನ್ನು ಬಿಟ್ಟು ಬೇರೆ ಊರಿಗೆ ಹೋಗುವಂಥದ್ದು ಬೇಡ.
ನನ್ನ ಅಂದಾಜು: ಸಿಗುತ್ತೆ ಅಂತ ಅನಿಸ್ತಿಲ್ಲ."

ಇಷ್ಟೇ. ಭಕ್ತಿಯ ಭಾಷೆ ಬೇಡ. "ಕರ್ತನ ಚಿತ್ತದಂತೆ ಆಗಲಿ" ಅಂತ ಬರೆದು ಪುಟ ಮುಗಿಸಬೇಡಿ. ಆ ಮಾತು ಪ್ರಾರ್ಥನೆಯಲ್ಲಿ ಬರಲಿ. ಪುಟದಲ್ಲಿ ನಿಮ್ಮ ಚಿತ್ತ ಏನು ಅನ್ನುವುದು ಇರಬೇಕು. ಬೇಡಿಕೆ ಎಷ್ಟು ಖಚಿತವಾಗಿರುತ್ತೋ ಅಷ್ಟು ಒಳ್ಳೆಯದು. "ಆಶೀರ್ವದಿಸು" ಅಂತ ಬರೆದರೆ ಆರು ತಿಂಗಳ ಮೇಲೆ ಓದಿದಾಗ ಆಶೀರ್ವಾದ ಬಂತೋ ಇಲ್ಲವೋ ಹೇಳುವುದು ಹೇಗೆ?

ಕೊನೆಯ ಸಾಲು, ಅಂದರೆ ನಿಮ್ಮ ಅಂದಾಜು, ಬಹಳ ಮುಖ್ಯ. ಎಲ್ಲಾ ಮುಗಿದ ಮೇಲೆ "ಹೀಗೇ ಆಗುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು" ಅನ್ನುವುದು ಮನುಷ್ಯನ ಸ್ವಭಾವ. ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋಗುವ ಮೊದಲು, ಅಲ್ಲಿ ಏನೇನು ನಡೆಯಬಹುದು ಅಂತ ಇಸ್ರೇಲಿನ ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ಆಗ ನೀವು ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಅಂದರು. ನಡೆದ ಸಂಗತಿಗಳ ಬಗ್ಗೆ ತಾವು ಮೊದಲೇ ಜಾಸ್ತಿ ಖಚಿತವಾಗಿದ್ದೆವು ಅಂತ ಹೆಚ್ಚಿನವರು ನೆನಪಿಸಿಕೊಂಡರು. ಕಾಗದ ತೆಗೆದು ನೋಡಿದರೆ ಹಾಗಿರಲಿಲ್ಲ. ಇದು ಪ್ರಕಟವಾದದ್ದು 1975ರಲ್ಲಿ. ಮಾಡಿದ ಇಬ್ಬರಲ್ಲಿ ಒಬ್ಬರ ಹೆಸರು ಬಾರೂಕ್ ಫಿಶಾಫ್. ಯೆರೆಮೀಯನ ಪತ್ರ ಇಟ್ಟುಕೊಂಡವನ ಹೆಸರೂ ಬಾರೂಕ. ಸುಮ್ನೆ ಕಾಕತಾಳೀಯ, ಆದರೆ ನನಗೆ ಇಷ್ಟ.

ನಂಬಿಕೆಯ ವಿಷಯದಲ್ಲಿ ಈ ಮರೆವು ಎರಡೂ ಕಡೆ ಹೊಡೆಯುತ್ತದೆ. ಒಳ್ಳೆಯದಾದರೆ "ಹೇಗಿದ್ದರೂ ಆಗುತ್ತಿತ್ತು" ಅಂದುಕೊಳ್ಳುತ್ತೇವೆ. ದೇವರಿಗೆ ಅದರಲ್ಲಿ ಜಾಗವೇ ಇರುವುದಿಲ್ಲ. ಇಲ್ಲವೇ "ನನಗೆ ಒಂದು ಚೂರೂ ಭಯ ಇರಲಿಲ್ಲ, ನನ್ನ ವಿಶ್ವಾಸ ಅಷ್ಟು ಗಟ್ಟಿ" ಅಂತ ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳುತ್ತೇವೆ. ಎಡಪುಟ ಎರಡನ್ನೂ ತಡೆಯುತ್ತದೆ. ಅದಕ್ಕೇ ಒಂದು ನಿಯಮ: ಬರೆದದ್ದನ್ನು ಅಳಿಸಬೇಡಿ, ತಿದ್ದಬೇಡಿ, ಹಾಳೆ ಹರಿಯಬೇಡಿ. ಓದಿದರೆ ನಾಚಿಕೆಯಾದರೂ ಇರಲಿ.

ಹೆಜ್ಜೆ 2: ಜಗಳವಾಡುವ ಪ್ರಾರ್ಥನೆ ಕಲಿಯಿರಿ

ಪುಟ ಬರೆದ ದಿನ ಕೀರ್ತನೆ 77 ಓದಿ. ಗಟ್ಟಿಯಾಗಿ, ಬಾಯಿಬಿಟ್ಟು. ಆಸಾಫನ ಹೆಸರಿನಲ್ಲಿರುವ ಈ ಕೀರ್ತನೆಯಲ್ಲಿ 20 ವಚನಗಳಿವೆ. ಮೊದಲರ್ಧ ನಿದ್ದೆ ಬಾರದವನ ಮಾತು. ರೆಪ್ಪೆ ಮುಚ್ಚಲು ನೀನೇ ಬಿಡುತ್ತಿಲ್ಲ ಅಂತ ದೇವರ ಮೇಲೇ ದೂರು. 7ರಿಂದ 9ನೇ ವಚನದೊಳಗೆ ಸಾಲಾಗಿ ಆರು ಪ್ರಶ್ನೆ. ಕರ್ತನು ಶಾಶ್ವತವಾಗಿ ಕೈಬಿಟ್ಟನೋ? ದಯೆ ತೋರಿಸುವುದನ್ನೇ ಮರೆತನೋ? ಸಭೆಯಲ್ಲಿ ಎದ್ದುನಿಂತು ನಾವು ಹೀಗೆ ಪ್ರಾರ್ಥಿಸಿದರೆ ಅಕ್ಕಪಕ್ಕದವರು ಕಣ್ಣು ಬಿಟ್ಟು ನೋಡುತ್ತಾರೆ. ಬೈಬಲಿನಲ್ಲಿ ಮಾತ್ರ ಅದು ಪ್ರಾರ್ಥನೆಯೇ.

11ನೇ ವಚನದಲ್ಲಿ ಆಸಾಫ ಒಂದು ತೀರ್ಮಾನಕ್ಕೆ ಬರುತ್ತಾನೆ: ಹಿಂದೆ ನಡೆದದ್ದನ್ನು ನೆನಪಿಸಿಕೊಳ್ಳುತ್ತೇನೆ. ಅವನ ಸ್ಥಿತಿ ಸುಧಾರಿಸಿದೆ ಅಂತ ಎಲ್ಲೂ ಹೇಳಿಲ್ಲ. ಹೊಸ ಸುದ್ದಿ ಯಾವುದೂ ಬಂದಿಲ್ಲ. ಅವನು ತನ್ನ ಜನರ ಹಳೇ ಪುಟ ತೆಗೆದು ಓದುತ್ತಾನೆ, ಸಮುದ್ರ ಸೀಳಿ ದಾಟಿಸಿದ ಪುಟ. ಅಲ್ಲೂ 19ನೇ ವಚನ ಒಂದು ಮಾತು ಸೇರಿಸುತ್ತದೆ. ದೇವರು ಸಮುದ್ರದ ನಡುವೆ ದಾರಿ ಮಾಡಿದ, ಹೆಜ್ಜೆ ಗುರುತು ಮಾತ್ರ ಕಾಣಲಿಲ್ಲ. ದಾಟುವಾಗ ಅವರಿಗೆ ಕಂಡದ್ದು ನೀರು, ಗುಡುಗು, ಬೆನ್ನಟ್ಟಿ ಬಂದ ರಥಗಳು.

ಇಷ್ಟು ಉದ್ದ ಓದಲು ಮನಸ್ಸಿಲ್ಲದ ದಿನ ಕೀರ್ತನೆ 13 ಸಾಕು. ಆರೇ ವಚನ, "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತದೆ. ತೀರಾ ಕೆಟ್ಟ ದಿನಕ್ಕೆ 88 ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ದೇವರ ವಾಕ್ಯದೊಳಗೆ ಸೇರಿಸಿದವರು ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ.

ಹೆಜ್ಜೆ 3: ಇವತ್ತಿನ ಪಾಲು ಮಾತ್ರ

ವಿಮೋಚನಕಾಂಡ 16ರಲ್ಲಿ ಅರಣ್ಯದಲ್ಲಿದ್ದ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ಬಂದಾಗ ಒಬ್ಬೊಬ್ಬರಿಗೆ ಒಂದು ಓಮೆರ್, ಅಂದರೆ ಆ ಕಾಲದ ಒಂದು ಅಳತೆ. ನಾಳೆಗೆ ಎತ್ತಿಟ್ಟರೆ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು. ಹೀಗೆ 40 ವರ್ಷ. ಒಂದು ಓಮೆರ್ ಮಾತ್ರ ಕೊಡದಲ್ಲಿ ತುಂಬಿ ಕಾಪಾಡಿ ಅಂದರು, ತಿನ್ನುವುದಕ್ಕಲ್ಲ, ಮುಂದಿನ ತಲೆಮಾರು ನೋಡುವುದಕ್ಕೆ.

ಇದನ್ನು ನಮ್ಮ ದಿನಕ್ಕೆ ತರುವುದು ಸುಲಭ. ಬೆಳಿಗ್ಗೆ ಎಡಪುಟ ನೋಡಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಇವತ್ತು ನನ್ನ ಕೈಯಲ್ಲಿರುವ ಕೆಲಸ ಯಾವುದು? ಒಂದು ಫೋನ್ ಮಾಡುವುದಿರಬಹುದು. ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಫಿಲ್ಮ್ ತರುವುದಿರಬಹುದು. ಹಳೇ ಪರಿಚಯದವರಿಗೆ ಬಯೋಡೇಟಾ ಕಳಿಸುವುದಿರಬಹುದು. ಅದನ್ನು ಮಾಡಿ. ಮಿಕ್ಕಿದ್ದು ನಾಳೆಯದು. ಯೆರೆಮೀಯ ಮಾಡಿದ್ದೂ ಅಷ್ಟೇ. ಬಾಬೆಲಿನ ಸೈನ್ಯವನ್ನು ಓಡಿಸುವುದು ಅವನ ಕೈಯಲ್ಲಿರಲಿಲ್ಲ, ಬೆಳ್ಳಿ ತೂಗುವುದು ಇತ್ತು.

ಇಲ್ಲಿ ಸ್ವಲ್ಪ ಕಟುವಾಗಿ ಹೇಳಬೇಕು. "ನಂಬಿಕೆ ಇದ್ದರೆ ಮಾತ್ರೆ ಯಾಕೆ?" ಅನ್ನುವವರು ನಿಮ್ಮ ಮನೆಗೂ ಬರಬಹುದು. ಚಹಾ ಕೊಟ್ಟು ಕಳಿಸಿ, ಮಾತ್ರೆ ನಿಲ್ಲಿಸಬೇಡಿ. ಕಾಣಿಕೆ ಕೊಟ್ಟರೆ ಸಾಲ ತೀರುತ್ತೆ ಅಂತ ವ್ಯಾಪಾರ ಮಾತಾಡುವವರಿಗೆ ಚಹಾನೂ ಬೇಡ. ರಾತ್ರಿಗಳು ತೀರಾ ಕಷ್ಟವಾಗಿ, ಬದುಕುವುದೇ ಬೇಡ ಅನಿಸತೊಡಗಿದರೆ ಪ್ರಾರ್ಥನೆಯ ಜೊತೆಗೇ ಡಾಕ್ಟರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೆಜ್ಜೆ 4: ಕುಗ್ಗಿದ ಹೊತ್ತಿನಲ್ಲಿ ತೀರ್ಮಾನ ಬದಲಿಸಬೇಡಿ

1521ರಲ್ಲಿ ಸ್ಪೇನಿನ ಪಾಂಪ್ಲೋನದ ಕೋಟೆಯಲ್ಲಿ ಇಗ್ನೇಷಿಯಸ್ ಲೊಯೋಲ ಎಂಬ ಸೈನಿಕನ ಕಾಲನ್ನು ಫಿರಂಗಿ ಗುಂಡು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಕಥೆ ಕೇಳಿದ. ಮನೆಯಲ್ಲಿ ಇದ್ದದ್ದು ಯೇಸುವಿನ ಜೀವನ ಮತ್ತು ಸಂತರ ಕಥೆಗಳು. ಬೇರೆ ಗತಿಯಿಲ್ಲದೆ ಅದನ್ನೇ ಓದಿದ. ಓದುತ್ತಾ ಒಂದು ವಿಷಯ ಗಮನಿಸಿದ. ಯುದ್ಧ, ಮೆರವಣಿಗೆ, ರಾಣಿವಾಸದ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಮನಸ್ಸು ಒಣಒಣ. ಸಂತರ ದಾರಿ ಹಿಡಿಯುವ ಯೋಚನೆ ಬಂದಾಗಲೂ ಖುಷಿ, ಮುಗಿದ ಮೇಲೂ ಅದು ಉಳಿಯುತ್ತದೆ. ಯೋಚನೆ ಬಿಟ್ಟುಹೋಗುವ ರುಚಿಯನ್ನು ನೋಡಿ ಯಾವುದು ಎಲ್ಲಿಂದ ಬಂತು ಅಂತ ಅಳೆಯಲು ಅವನು ಕಲಿತದ್ದು ಅಲ್ಲಿ. ಮುಂದೆ ಆತ ಕಟ್ಟಿದ್ದೇ ಕೆಥೋಲಿಕ್ ಗುರುಗಳ ಜೆಸ್ವಿಟ್ ಸಂಘ. 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಶುರುಮಾಡಿದ ಗುರುಗಳು ಇದೇ ಸಂಘದವರು.

ಇಗ್ನೇಷಿಯಸ್ ಬರೆದಿಟ್ಟ ನಿಯಮಗಳಲ್ಲಿ ಒಂದು ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ಮನಸ್ಸು ಕತ್ತಲಾಗಿ, ದೇವರು ದೂರ ಅನಿಸುವ ಹೊತ್ತಿನಲ್ಲಿ ಹೊಸ ತೀರ್ಮಾನ ಮಾಡಬಾರದು. ಬೆಳಕಿದ್ದಾಗ ಮಾಡಿದ್ದ ತೀರ್ಮಾನಕ್ಕೇ ಅಂಟಿಕೊಳ್ಳಬೇಕು.

ಇದನ್ನು ಬಳಸುವುದು ಹೀಗೆ. ಮನಸ್ಸು ಶಾಂತವಾಗಿರುವ ಒಂದು ದಿನ ನೋಡಿ, ಎಡಪುಟದ ಕೆಳಗೆ ಎರಡೋ ಮೂರೋ ತೀರ್ಮಾನ ಬರೆಯಿರಿ. "ರಿಪೋರ್ಟ್ ಬರುವವರೆಗೆ ರಾಜೀನಾಮೆ ಕೊಡುವುದಿಲ್ಲ." "ಬಡ್ಡಿಗೆ ಸಾಲ ತರುವುದಿಲ್ಲ." "ಮನೆಯವರಿಗೆ ಹೇಳದೆ ಸೈಟು ಮಾರುವುದಿಲ್ಲ." ರಾತ್ರಿ ಎರಡು ಗಂಟೆಯ ಬುದ್ಧಿ ಬೇರೆ ಏನೇ ಹೇಳಿದರೂ, "ಬೆಳಿಗ್ಗೆ ಹತ್ತಕ್ಕೆ ನೋಡೋಣ" ಅನ್ನಿ. ಅಷ್ಟು ಹೊತ್ತಿಗೆ ಅರ್ಧ ಯೋಚನೆಗಳು ತಾವೇ ಎದ್ದು ಹೋಗಿರುತ್ತವೆ. ನಿಜಕ್ಕೂ ಸ್ಥಿತಿ ಬದಲಾದರೆ ತೀರ್ಮಾನ ಬದಲಿಸಬಹುದು, ಆದರೆ ಹಗಲಿನಲ್ಲಿ, ಇನ್ನೊಬ್ಬರನ್ನು ಕೇಳಿ.

ಹೆಜ್ಜೆ 5: ರಾತ್ರಿ ಹತ್ತು ನಿಮಿಷ ಬಲಪುಟಕ್ಕೆ

ದಿನದ ಕೊನೆಗೆ ದಿನವನ್ನು ತಿರುಗಿ ನೋಡುವ ಅಭ್ಯಾಸವೂ ಇಗ್ನೇಷಿಯಸ್ ಕಡೆಯಿಂದಲೇ ಬಂದದ್ದು. ಕೆಥೋಲಿಕ್ ಮನೆಗಳಲ್ಲಿ ಇದು ಗೊತ್ತಿರುತ್ತದೆ, ಉಳಿದವರೂ ಧಾರಾಳವಾಗಿ ಎರವಲು ತರಬಹುದು. ಬೆಳಗಿನಿಂದ ರಾತ್ರಿವರೆಗೆ ನಡೆದದ್ದನ್ನು ಒಂದೊಂದಾಗಿ ನೆನೆಯಿರಿ. ನಿಮ್ಮ ಎಡಪುಟದ ವಿಷಯಕ್ಕೆ ತಾಗುವಂಥದ್ದು ಏನಾದರೂ ನಡೆಯಿತಾ? ಒಂದು ಸಾಲು ಬರೆಯಿರಿ, ತಾರೀಖಿನ ಜೊತೆ.

"ನವೆಂಬರ್ 19: ಅಣ್ಣ ತಾನಾಗಿ ಫೋನ್ ಮಾಡಿ ಫೀಸ್ ಎಷ್ಟು ಅಂತ ಕೇಳಿದ. ನಾನು ಹೇಳಿರಲಿಲ್ಲ. ಅತ್ತಿಗೆ ಹೇಳಿರಬಹುದು."

ಆ ಕೊನೆಯ ಸಾಲನ್ನು ಬಿಡಬೇಡಿ. ಅತ್ತಿಗೆ ಹೇಳಿದ್ದಿರಬಹುದು ಅನ್ನುವುದರಿಂದ ದೇವರ ಕೆಲಸ ಸಣ್ಣದಾಗುವುದಿಲ್ಲ. ಅತ್ತಿಗೆಯ ಬಾಯಿಯ ಮೂಲಕ ದೇವರು ಕೆಲಸ ಮಾಡಬಾರದು ಅಂತ ಎಲ್ಲಿದೆ? ಬೈಬಲಿನಲ್ಲಿ ಬಡ ವಿಧವೆ ರೂತಳು ಹಕ್ಕಲಾಯಲು ಹೋದಾಗ ಅವಳು ಹೊಕ್ಕ ಹೊಲ, ಅವಳನ್ನು ಮುಂದೆ ಮದುವೆಯಾದ ಬೋವಜನದಾಗಿತ್ತು. ಅದನ್ನು ಅಕಸ್ಮಾತ್ತಾಗಿ ಅಂತಲೇ ಬೈಬಲ್ ಹೇಳುತ್ತದೆ. ದಾವೀದನ ವಂಶ ಹೊರಟದ್ದು ಆ ಹೊಲದಿಂದ. ಬರೆಯುವ ದಿನ "ಅಕಸ್ಮಾತ್" ಅಂತ ಬರೆದರೆ ಸಾಕು, ಅರ್ಥ ಹುಡುಕುವುದು ಆಮೇಲಿನ ಕೆಲಸ.

ಬರೆಯಲು ಏನೂ ಇಲ್ಲದ ದಿನ ಬರೆಯಬೇಡಿ. ಸಂಕೇತ ಹುಡುಕಿಕೊಂಡು ಹೋಗಬೇಡಿ. ಬೈಬಲನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟಲ್ಲಿ ಉತ್ತರ ನೋಡುವುದು, ಎದುರಿಗೆ ಬಂದ ಬಸ್ಸಿನ ನಂಬರಿನಲ್ಲಿ ವಚನ ಕಾಣುವುದು, ಇವೆಲ್ಲ ಭಯದ ಆಟಗಳು. ಹೊಸ ವರ್ಷದ ರಾತ್ರಿ ಸಭೆಯಲ್ಲಿ ಕೊಡುವ ವಾಗ್ದಾನದ ಕಾರ್ಡಿಗೂ ಈ ಎಚ್ಚರ ಬೇಕು. ಅದರಲ್ಲಿ ಹೆಚ್ಚಾಗಿ ಬರುವ ಯೆರೆಮೀಯ 29:11ನ್ನೇ ತೆಗೆದುಕೊಳ್ಳಿ. ಕೇಡಿನದಲ್ಲ, ಹಿತದ ಯೋಚನೆ ಅನ್ನುವ ವಚನ. ಮೊಬೈಲ್ ಸ್ಟೇಟಸ್‌ಗಳಲ್ಲಿ ಅದು ಈ ವರ್ಷವೇ ಮನೆ, ಕಾರು, ಪ್ರಮೋಷನ್ ಅನ್ನುವಂತೆ ಓಡಾಡುತ್ತದೆ. ಹಿಂದಿನ ವಚನ 10ರಲ್ಲಿ 70 ವರ್ಷ ಅಂತಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಓದಿದ ದೊಡ್ಡವರಲ್ಲಿ ಬಹುತೇಕರು ಊರಿಗೆ ಮರಳುವುದೇ ಇಲ್ಲ. ಅವರಿಗೆ ಅದೇ ಪತ್ರ ಕೊಟ್ಟ ಸಲಹೆ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ. ವಚನ ಅದರಿಂದ ಚಿಕ್ಕದಾಗುವುದಿಲ್ಲ, ನನ್ನ ಮಟ್ಟಿಗೆ ಇನ್ನೂ ದೊಡ್ಡದೇ ಆಗುತ್ತದೆ.

ಹೆಜ್ಜೆ 6: ತಿರುಗಿ ಓದುವುದು

ಆರು ತಿಂಗಳು ಬಿಟ್ಟು ಓದಿ. ಅಥವಾ ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೊರಡುವ ಮೊದಲು ಅರ್ಧ ಗಂಟೆ. ವಾರಕ್ಕೊಮ್ಮೆ ತೆರೆದು ನೋಡುತ್ತಿದ್ದರೆ ಬೀಜ ಮೊಳೆತಿದೆಯಾ ಅಂತ ಮಣ್ಣು ಕೆದಕಿದಂತೆ.

ಎಡಪುಟ ಪೂರ್ತಿ ಓದಿ, ಆಮೇಲೆ ಬಲಪುಟ. ಅವಸರ ಬೇಡ. ಮೊದಲು ಭಯದ ಸಾಲು ನೋಡಿ. ಭಯಪಟ್ಟದ್ದು ನಡೆಯಿತಾ? ನಡೆದಿದ್ದರೆ, ಆ ದಿನಗಳನ್ನು ದಾಟಿದ್ದು ಹೇಗೆ, ಯಾರು ಜೊತೆಗಿದ್ದರು? ಅಣ್ಣನ ಹತ್ತಿರ ಕೈಚಾಚುವ ಭಯ ಬರೆದವರಿಗೆ, ಕೊನೆಗೆ ಅಣ್ಣನೇ ಕೊಟ್ಟ ಅನ್ನುವುದು ಕಾಣಬಹುದು. ಅಂದರೆ ಭಯಪಟ್ಟದ್ದೇ ಆಯಿತು, ಆದರೆ ಹೆದರಿದ್ದ ರೀತಿಯಲ್ಲಿ ಅಲ್ಲ. ಬೇಡಿಕೆಯ ಸಾಲನ್ನಷ್ಟೇ ನೋಡಿ ಸಿಕ್ಕಿತು, ಸಿಗಲಿಲ್ಲ ಅಂತ ಗುರುತು ಹಾಕಿ ಮುಗಿಸುವವರಿಗೆ ಇದು ಕಾಣುವುದೇ ಇಲ್ಲ. ನನ್ನ ಪ್ರಕಾರ ದೇವರ ನಂಬಿಗಸ್ತಿಕೆ ಜಾಸ್ತಿ ಸಿಗುವುದು ಭಯದ ಸಾಲಿನ ಎದುರು.

ಆಮೇಲೆ ಅಂದಾಜಿನ ಸಾಲು. ನೀವು "ಆಗಲ್ಲ" ಅಂದಿದ್ದಿರಾ? ಅದನ್ನು ಒಪ್ಪಿಕೊಳ್ಳಿ. ನಿಮ್ಮ ನಂಬಿಕೆ ಗಟ್ಟಿ ಇದ್ದದ್ದರಿಂದ ಆಯಿತು ಅನ್ನುವ ಮಾತಿಗೆ ಅಲ್ಲಿಗೆ ತೆರೆ ಬೀಳುತ್ತದೆ. ಕೈಹಿಡಿದವನು ಗಟ್ಟಿಯಾಗಿ ಹಿಡಿದಿದ್ದ, ಅಷ್ಟೇ.

ಅಣ್ಣಂದಿರೇ ಗುಂಡಿಗೆ ಹಾಕಿ, ಆಮೇಲೆ ಐಗುಪ್ತದ ಕಡೆ ಹೋಗುವವರಿಗೆ ಮಾರಿಬಿಟ್ಟ ಯೋಸೇಫನ ಲೆಕ್ಕ ಇಲ್ಲಿ ನೋಡಬೇಕು. ಅವನ ಕಥೆ ಶುರುವಾಗುವಾಗ ಅವನಿಗೆ 17 ವರ್ಷ, ಫರೋಹನ ಮುಂದೆ ನಿಂತಾಗ 30. ಆಮೇಲೆ ಸುಭಿಕ್ಷದ 7 ವರ್ಷ, ಬರದ 2 ವರ್ಷ ಕಳೆದು ಅಣ್ಣಂದಿರಿಗೆ ಗುರುತು ಹೇಳಿಕೊಂಡ. ಹತ್ತಿರ ಹತ್ತಿರ 22 ವರ್ಷ ಆದ ಮೇಲೆ "ನನ್ನನ್ನು ಕಳಿಸಿದವನು ದೇವರು" ಅನ್ನುವ ಮಾತು ಬಂತು. ಮಧ್ಯೆ ಸೆರೆಮನೆಯಲ್ಲಿ ಅವನು ಅಂದದ್ದು ಬೇರೆ: ನನ್ನನ್ನು ಕದ್ದು ತಂದರು, ಈ ಕುಣಿಗೆ ಹಾಕುವಂಥ ತಪ್ಪು ನಾನೇನೂ ಮಾಡಿಲ್ಲ. ಪಾನದಾಯಕರ ಮುಖ್ಯಸ್ಥನಿಗೆ ಹೇಳಿದ ಆ ಮಾತಿನಲ್ಲಿ "ಎಲ್ಲಾ ಒಳ್ಳೆಯದಕ್ಕೇ" ಅನ್ನುವುದು ಇಲ್ಲ. ಎರಡೂ ಮಾತು ಅವವುಗಳ ಕಾಲಕ್ಕೆ ಸರಿಯೇ.

ಇನ್ನೊಂದು ಸೂಕ್ಷ್ಮ. ಗುಂಡಿಗೆ ಹಾಕಿದಾಗ ಯೋಸೇಫ ಅಂಗಲಾಚಿದ ಅಂತ ಆದಿಕಾಂಡ 37ನೇ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಅದು ಗೊತ್ತಾಗುವುದು 42ರಲ್ಲಿ, ಇಪ್ಪತ್ತು ವರ್ಷದ ಮೇಲೆ, ಅಣ್ಣಂದಿರ ಬಾಯಿಂದ. ತಿರುಗಿ ನೋಡಿದಾಗ ದೇವರ ಕೈ ಕಾಣುವಂತೆ ನಾವು ಕೇಳಿಸಿಕೊಳ್ಳದೇ ಹೋದ ಅಳುವೂ ಕೇಳುತ್ತದೆ. ನಿಮ್ಮ ಪುಸ್ತಕದಲ್ಲೂ ಅಂಥದ್ದು ಸಿಗಬಹುದು. ಆ ದಿನಗಳಲ್ಲಿ ನಿಮ್ಮ ಸಿಟ್ಟು ಯಾರ ಮೇಲೆ ಬಿತ್ತು? ಅವರ ಹತ್ತಿರ ಹೋಗಿ ಮಾತಾಡುವುದೂ ಈ ಹೆಜ್ಜೆಗೆ ಸೇರಿದ್ದೇ.

ಯೋಸೇಫನ ಇನ್ನೊಂದು ಮಾತನ್ನು, ನೀವು ಕೇಡು ಬಗೆದಿರಿ, ದೇವರು ಒಳ್ಳೆಯದಕ್ಕೆ ತಿರುಗಿಸಿದ ಅನ್ನುವುದನ್ನು, ಹೇಳಿದವನು ಗುಂಡಿಗೆ ಬಿದ್ದವನೇ. ಬೇರೆ ಯಾರೂ ಅವನ ಪರವಾಗಿ ಹೇಳಲಿಲ್ಲ. ಈ ಹಕ್ಕು ಬೇರೆಯವರಿಗಿಲ್ಲ. ಮಗು ಕಳೆದುಕೊಂಡವರ ಮನೆಗೆ ಹೋಗಿ "ದೇವರದ್ದೇನೋ ಯೋಜನೆ ಇರುತ್ತೆ" ಅನ್ನಬೇಡಿ. ಊಟ ತೆಗೆದುಕೊಂಡು ಹೋಗಿ.

ಬಲಪುಟ ಖಾಲಿ ಉಳಿದರೆ

ಉಳಿಯುತ್ತದೆ, ಕೆಲವು. ವಾಸಿಯಾಗಲಿ ಅಂತ ಬರೆದಿದ್ದೆವು, ಮಣ್ಣು ಮಾಡಿ ಬಂದೆವು. ಅಂಥ ಪುಟದ ಎದುರು ಬಲವಂತವಾಗಿ ಏನನ್ನೂ ತುಂಬಿಸಬೇಡಿ. "ಗೊತ್ತಿಲ್ಲ" ಅಂತ ಬರೆಯಬಹುದು. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ನಂಬಿಕೆಯ ವೀರರ ಪಟ್ಟಿ ಅಂತ ಪ್ರಸಿದ್ಧ. 35ನೇ ವಚನದ ನಡುವಿನವರೆಗೆ ಸಿಂಹದ ಬಾಯಿ ಕಟ್ಟಿದವರು, ಸತ್ತವರನ್ನು ಮತ್ತೆ ಪಡೆದವರು. ಅಲ್ಲಿಂದ ಮುಂದೆ ಚಡಿಯೇಟು, ಬೇಡಿ, ಕಲ್ಲೇಟು ತಿಂದವರು. ಎರಡೂ ಗುಂಪಿನವರ ನಂಬಿಕೆಗೆ ಸಿಕ್ಕಿದ ಮೆಚ್ಚುಗೆ ಒಂದೇ. ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಿ ಓದುವ ಅಭ್ಯಾಸ ನಮ್ಮದು.

ಯೆರೆಮೀಯನಿಗೂ ಆ ಹೊಲ ಉಳುವ ಭಾಗ್ಯ ಬರಲಿಲ್ಲ. ಊರು ಬಿತ್ತು. ಉಳಿದ ಜನ ಅವನನ್ನು ಐಗುಪ್ತಕ್ಕೆ ಕರೆದುಕೊಂಡು ಹೋದರು. ಬೈಬಲಿನಲ್ಲಿ ಅವನು ವಾಪಸ್ ಬಂದ ಸುದ್ದಿ ಇಲ್ಲ. ಎಷ್ಟೋ ವರ್ಷಗಳ ಮೇಲೆ ಪಾರಸಿಯ ಅರಸ ಕೋರೆಷ ಸೆರೆಯವರನ್ನು ಬಿಟ್ಟಾಗ ಊರಿಗೆ ಮರಳಿದವರ ಪಟ್ಟಿ ಎಜ್ರ 2ನೇ ಅಧ್ಯಾಯದಲ್ಲಿದೆ. ಬರೀ ಹೆಸರು, ಸಂಖ್ಯೆ. ಬಹಳ ಜನ ದಾಟಿಸಿ ಓದುವ ಪುಟ. ಅದರ 23ನೇ ವಚನ: ಅನಾತೋತಿನವರು 128 ಮಂದಿ.

ಅವರಲ್ಲಿ ಯಾರಾದರೂ ಆ ಗಡಿಗೆ ತೆಗೆದು ನೋಡಿದರಾ ಅಂತ ಬರೆದಿಲ್ಲ. ಆದರೆ ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಂಡುಕೊಳ್ಳುವರು ಅಂತ ಹೊಲ ಕೊಂಡಾಗ ಯೆರೆಮೀಯ ಹೇಳಿದ್ದು ಅವನ ಊರಿನವರ ಮಟ್ಟಿಗೂ ನಿಜವಾಯಿತು, ಅವನಿಲ್ಲದ ಕಾಲದಲ್ಲಿ. ಕೆಲವು ಬಲಪುಟಗಳನ್ನು ತುಂಬಿಸುವವರು ನಮ್ಮ ಮಕ್ಕಳಿರಬಹುದು. ಹಾಗಾಗಿ ಪುಸ್ತಕವನ್ನು ರೇಷನ್ ಕಾರ್ಡ್, ಸೈಟಿನ ಪತ್ರ ಇಡುವ ಜಾಗದಲ್ಲೇ ಇಡಿ, ಮತ್ತು ಅದು ಇದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ.

ಹೆಜ್ಜೆ 7: ಸಾಕ್ಷಿ ಹೇಳುವಾಗ

ಯೊರ್ದನ್ ಹೊಳೆ ದಾಟಿದ ಮೇಲೆ ಇಸ್ರಾಯೇಲ್ಯರ ನಾಯಕ ಯೆಹೋಶುವ ಹೊಳೆಯ ನಡುವಿನಿಂದ 12 ಕಲ್ಲು ತರಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ್ದು, ಮುಂದೆ ಮಕ್ಕಳು ಈ ಕಲ್ಲು ಯಾಕೆ ಅಂತ ಕೇಳಲಿ ಎಂದು. ಕೇಳಿದಾಗ ಹೇಳಬೇಕಲ್ಲ. ಜಾರ್ಜ್ ಮುಲ್ಲರ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳ ಮನೆ ಶುರುಮಾಡಿದ. ಜೀವಮಾನದಲ್ಲಿ 10 ಸಾವಿರಕ್ಕೂ ಹೆಚ್ಚು ಮಕ್ಕಳು ಆ ಮನೆಗಳಲ್ಲಿ ಬೆಳೆದರು. ಯಾವ ದಿನ ಎಷ್ಟು ಕೊರತೆಯಿತ್ತು, ಯಾವ ದಿನ ಎಷ್ಟು ಬಂತು ಅಂತ ಬರೆದಿಟ್ಟು ಊರಿಗೆಲ್ಲ ಲೆಕ್ಕ ಒಪ್ಪಿಸಿದ. ಸಾಕ್ಷಿ ಅಂದರೆ ನನಗೆ ಅದೇ ಮಾದರಿ, ಏನೂ ಇಲ್ಲದ ದಿನಗಳೂ ಅದರಲ್ಲಿರುತ್ತವೆ.

ನಿಮ್ಮ ಸರದಿ ಬಂದಾಗ ನೋಟ್‌ಬುಕ್ ಕೈಯಲ್ಲಿ ಹಿಡಿದೇ ಎದ್ದುನಿಲ್ಲಿ. ಎಡಪುಟದಿಂದ ಶುರುಮಾಡಿ, ಅಂದಾಜಿನ ಸಾಲನ್ನೂ ಓದಿ. ನಡುವಿನ ತಿಂಗಳುಗಳನ್ನು ಹಾರಿಸಬೇಡಿ. ಕೇಳುತ್ತಿರುವವರಲ್ಲಿ ಬಹಳ ಜನ ಈಗ ಅದೇ ತಿಂಗಳುಗಳಲ್ಲಿದ್ದಾರೆ. ಸಹಾಯ ಮಾಡಿದವರನ್ನು ನೆನೆಯಿರಿ, ಡಾಕ್ಟರನ್ನೂ ಅತ್ತಿಗೆಯನ್ನೂ ಸೇರಿಸಿ. ಮನೆಯವರ ಕಾಯಿಲೆ, ಸಾಲದ ವಿಷಯ ಹೇಳುವ ಮೊದಲು ಅವರನ್ನು ಕೇಳಿಕೊಳ್ಳಿ. ವಾಟ್ಸಾಪ್ ಗ್ರೂಪಿಗೆ ಪುಟದ ಫೋಟೋ ಹಾಕಬೇಡಿ. ಐದು ನಿಮಿಷದಲ್ಲಿ ಮುಗಿಸಿ, ಪಾಸ್ಟರ್ ಇನ್ನೂ ಪ್ರಸಂಗ ಮಾಡಬೇಕು.